ಧರ್ಮಸತ್ರದಿಂದ ವೃದ್ಧಾಶ್ರಮಕ್ಕೆ: ಮುಪ್ಪಿನ ಆಶ್ರಯಗಳ ಕಟ್ಟುಪಾಡುಗಳ ಇತಿಹಾಸ

ಕಳೆದ ಯುಗಾದಿಯ ತರುವಾಯ ಸೇರಿದ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಪ್ರಸ್ತಾಪ ಬಂದಿತು. ಭೈರವಾನಿತಿಪ್ಪದ ಕಡೆಯ ಸದಸ್ಯರೊಬ್ಬರ ಮನೆತನದವರು, ಬಹುಕಾಲದಿಂದ ಬೀಗ ಹಾಕಿರುವ ತಮ್ಮ ಶೇಂಗಾ ಗಿರಣಿಯ ಗೋದಾಮನ್ನು ಸಂಘಕ್ಕೆ ಬಿಟ್ಟುಕೊಡಲು ಸಿದ್ಧರಿದ್ದಾರೆಂದೂ, ಅದರಲ್ಲಿ ಗಡಿನಾಡಿನ ಕನ್ನಡ ವೃದ್ಧರು ನಲವತ್ತು ಮಂದಿಗೆ ಆಶ್ರಮವೊಂದನ್ನು ತೆರೆಯಬಹುದೆಂದೂ ಕಾರ್ಯದರ್ಶಿಗಳು ತಿಳಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಸದಸ್ಯೆಯೊಬ್ಬರು ಮಾತ್ರ ಊರುಗೋಲನ್ನು ನೆಲಕ್ಕೆ ಒತ್ತಿ, "ಅದೆಲ್ಲಾ ಸರಿ ಸಾರ್, ರಾತ್ರಿ ಹೊತ್ತು ಬಚ್ಚಲದಾಗೆ ಬಿದ್ರೆ ಎತ್ತೋರು ಯಾರು?" ಎಂದು ಕೇಳಿದರು. ಸಭೆ ನಕ್ಕಿತು. ಉತ್ತರವನ್ನು ಯಾರೂ ಹೇಳಲಿಲ್ಲ. "ನೀವು ಇತಿಹಾಸದ ಮೇಷ್ಟ್ರು, ಈ ಸಲದ ಸ್ಮರಣ ಸಂಚಿಕೆಗೆ ಈ ವಿಷಯವನ್ನೇ ಬರೆದುಕೊಡಿ" ಎಂದು ಅಧ್ಯಕ್ಷರು ಆ ಭಾರವನ್ನು ನಮ್ಮ ಹೆಗಲಿಗೆ ದಾಟಿಸಿದರು. ಆ ತಾಯಿಯ ಪ್ರಶ್ನೆಯನ್ನು ಹಿಡಿದುಕೊಂಡೇ ನಾವು ಹಳೆಯ ಕಾಲದತ್ತ ನಡೆದಿದ್ದೇವೆ.

ಮೊದಲಿಗೆ ಒಂದು ಪದದ ವಿಚಾರ. ನರ್ಸಿಂಗ್ ಹೋಮ್ ಎಂದರೆ ನಮ್ಮ ರಾಯದುರ್ಗ, ಬಳ್ಳಾರಿ, ಮಡಕಶಿರಾಗಳಲ್ಲಿ ಹೆರಿಗೆಗೆ ಹೋಗುವ ಖಾಸಗಿ ಆಸ್ಪತ್ರೆ. ಪಶ್ಚಿಮ ದೇಶಗಳಲ್ಲಾದರೋ ಅದು ಹಾಸಿಗೆ ಹಿಡಿದ ವೃದ್ಧರನ್ನು ಕಡೆಯವರೆಗೂ ನೋಡಿಕೊಳ್ಳುವ ಮನೆ. ಒಂದೇ ಹೆಸರು, ಅಲ್ಲಿ ಬಾಳಿನ ಕೊನೆ, ಇಲ್ಲಿ ಬಾಳಿನ ಮೊದಲು. ನಾವು ವೃದ್ಧಾಶ್ರಮವೆಂದು ಕರೆಯುವುದರಲ್ಲಿ ಈ ಎರಡೂ ಅಷ್ಟಿಲ್ಲ; ಅದು ಅನ್ನ ಮತ್ತು ನೆರಳಿನ ಜಾಗ, ಶುಶ್ರೂಷೆ ದೊರೆತರೆ ಪುಣ್ಯ. ಈ ವ್ಯತ್ಯಾಸದ ಒಳಗೇ ನಮ್ಮ ಕಥೆಯ ತಿರುಳಿದೆ.

ನಿರಾಶ್ರಿತರಿಗೆ ಅನ್ನವಿಡುವುದು ನಮ್ಮ ನಾಡಿನಲ್ಲಿ ಹೊಸತಲ್ಲ. ಬಳ್ಳಿಗಾವೆಯ ಕೋಡಿಯ ಮಠದ 1162ನೆಯ ಇಸವಿಯ ಶಾಸನ ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲದ್ದೇ. ಕಾಳಾಮುಖ ಆಚಾರ್ಯರ ಆ ಮಠವು ವೇದಶಾಸ್ತ್ರಗಳ ಪಾಠಶಾಲೆಯಾಗಿದ್ದಂತೆಯೇ ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅನ್ನದ ಮನೆಯೂ, ಗತಿಯಿಲ್ಲದ ರೋಗಿಗಳಿಗೆ ಚಿಕಿತ್ಸೆಯ ತಾಣವೂ ಆಗಿತ್ತೆಂದು ಅದು ಸಾರುತ್ತದೆ. ಅದೇ ಲಾಕುಳ ಪರಂಪರೆಯ ಹೆಜ್ಜೆ ನಮ್ಮ ಮಡಕಶಿರಾ ಸೀಮೆಯ ಹೇಮಾವತಿಯಲ್ಲಿಯೂ ಮೂಡಿದೆ. ನೊಳಂಬರ ರಾಜಧಾನಿಯಾಗಿ ಹೆಂಜೇರು ಎನಿಸಿದ್ದ ಈ ಊರಿನ 943ರ ಶಾಸನವು ಲಕುಲೀಶನನ್ನು ನೆನೆಯುತ್ತದೆ. ಕೃಷ್ಣೆಯ ದಡದ ಮಲ್ಕಾಪುರದಲ್ಲಿ ಕಾಕತೀಯ ರುದ್ರಮದೇವಿಯ ಕಾಲದ 1261ರ ಶಾಸನವೂ ಮಠದೊಡನೆ ಪ್ರಸೂತಿಶಾಲೆ, ಆರೋಗ್ಯಶಾಲೆಗಳಿಗೆ ಭೂಮಿಯನ್ನು ಹಂಚಿಕೊಟ್ಟ ಸಂಗತಿಯನ್ನು ಹೇಳುತ್ತದೆ.

ಆದರೆ ಕೊಡುಗೆ ಬೇರೆ, ಕಟ್ಟುಪಾಡು ಬೇರೆ. ದಾನಿಯು ದತ್ತಿ ಬಿಟ್ಟನೆಂದ ಮಾತ್ರಕ್ಕೆ ಅದನ್ನು ಉಂಡವನಿಗೆ ಏನು ಸಿಕ್ಕಿತೆಂಬುದು ತಿಳಿಯುವುದಿಲ್ಲ. ಈ ದೃಷ್ಟಿಯಿಂದ ನಮಗೆ ಬಹಳ ಹಿಡಿಸಿದ್ದು ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿರುವ ವೀರರಾಜೇಂದ್ರ ಚೋಳನ 1069ರ ಶಾಸನ. ಅಲ್ಲಿಯ ದೇವಾಲಯಕ್ಕೆ ಸೇರಿದ ಆತುರಸಾಲೆಯಲ್ಲಿ ಹದಿನೈದು ಹಾಸಿಗೆಗಳು. ಅದಕ್ಕೆ ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆ ತರುವವರು ಇಬ್ಬರು, ಶುಶ್ರೂಷೆಗೆ ಹೆಂಗಸರು ಇಬ್ಬರು, ಒಬ್ಬ ಕ್ಷೌರಿಕ, ಒಬ್ಬ ನೀರಿನವ. ಇವರೆಲ್ಲರ ಸಂಬಳದ ಭತ್ತ, ರೋಗಿಗೆ ದಿನಕ್ಕೆ ಸಲ್ಲುವ ಅಕ್ಕಿ, ಇಡಬೇಕಾದ ಔಷಧಗಳ ಹೆಸರು, ಕಡೆಗೆ ರಾತ್ರಿಯ ದೀಪದ ಎಣ್ಣೆಯ ವೆಚ್ಚವೂ ಕಲ್ಲಿನ ಮೇಲಿದೆ. ಹದಿನೈದು ಮಂದಿಗೆ ಇಬ್ಬರು ಶುಶ್ರೂಷಕಿಯರು ಎಂಬುದು ಇಂದಿಗೂ ಎಷ್ಟೋ ಆಶ್ರಮಗಳಿಗೆ ಎಟುಕದ ಲೆಕ್ಕ. ರಾತ್ರಿ ಬಿದ್ದರೆ ಎತ್ತುವವರು ಯಾರು ಎಂಬುದಕ್ಕೆ ಆ ಶಾಸನ ಬರೆಸಿದವರ ಬಳಿ ಅಷ್ಟಿಷ್ಟಾದರೂ ಉತ್ತರವಿತ್ತು.

ಮಧ್ಯದ ಶತಮಾನಗಳನ್ನು ಇಲ್ಲಿ ಬಿಟ್ಟುಬಿಡುತ್ತೇವೆ. ಛತ್ರ, ಸತ್ರ, ಅರವಟ್ಟಿಗೆ, ಮಠದ ದಾಸೋಹ ನಡೆದುಕೊಂಡು ಬಂದವು. ಮುದುಕರು ಮನೆಯ ಪಡಸಾಲೆಯಲ್ಲಿ, ಕೂಡುಕುಟುಂಬದ ನೆರಳಿನಲ್ಲಿ ಕಣ್ಣು ಮುಚ್ಚಿದರು. ಆ ನೆರಳು ಎಲ್ಲರಿಗೂ ತಂಪಾಗಿತ್ತೆಂದು ನಾವು ನಂಬುವುದಿಲ್ಲ. ವಿಧವೆಯಾದ ಅತ್ತೆಯೊಬ್ಬರು ನಮ್ಮ ಬಾಲ್ಯದ ಮನೆಯಲ್ಲಿ ಹಿತ್ತಲ ಕೋಣೆಯಲ್ಲಿ ಹೇಗೆ ಬದುಕಿದರೆಂಬುದು ನೆನಪಿರುವವರೆಗೆ ಹಳೆಯ ಕಾಲವನ್ನು ಹಾಡಿ ಹೊಗಳಲು ನಮ್ಮ ಬಾಯಿ ಏಳದು.

ಕಟ್ಟುಪಾಡಿನ ಇತಿಹಾಸ ನಮ್ಮ ಸೀಮೆಯಲ್ಲಿ ನಿಜವಾಗಿ ಆರಂಭವಾದದ್ದು ಬರದಿಂದ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಕ್ಷಾಮವನ್ನು ನಮ್ಮ ಅಜ್ಜಂದಿರು ಧಾತು ಬರವೆಂದೇ ಕರೆಯುತ್ತಿದ್ದರು. ಆಗ ಅನಂತಪುರ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. 1882ರಲ್ಲಿ ಬೇರೆಯಾಗುವವರೆಗೆ ಅದು ವಿಶಾಲ ಬಳ್ಳಾರಿ ಜಿಲ್ಲೆಯ ಭಾಗ. ಮದರಾಸು ಸಂಸ್ಥಾನದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಪಕ್ಕದ ಮೈಸೂರು ಸೀಮೆಯಲ್ಲಿ 1871ರ ಜನಗಣತಿಯಲ್ಲಿ 50.55 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 41.86 ಲಕ್ಷಕ್ಕೆ ಇಳಿದಿತ್ತೆಂದರೆ ಗಡಿಯ ಈಚೆಗೆ ಏನಾಗಿದ್ದೀತೆಂದು ಊಹಿಸಬಹುದು.

ಕೆಲಸ ಮಾಡಬಲ್ಲವರಿಗೆ ಸರ್ಕಾರವು ರಸ್ತೆ, ಕೆರೆಗಳ ಕಾಮಗಾರಿಯನ್ನು ತೆರೆಯಿತು. ಕೈಲಾಗದವರಿಗೆ, ಎಂದರೆ ಮುದುಕರಿಗೆ, ರೋಗಿಗಳಿಗೆ, ಹಸುಳೆಗಳಿಗೆ, ಬೇಯಿಸಿದ ಅನ್ನ ಕೊಡುವ ಪರಿಹಾರ ಶಿಬಿರಗಳು ಎದ್ದವು. ಈ ಭಾಗದಲ್ಲಿ ಸರ್ಕಾರವು ವೃದ್ಧರನ್ನು ಒಂದು ಸೂರಿನಡಿ ಇಟ್ಟು ನೋಡಿಕೊಳ್ಳಲು ತೊಡಗಿದ್ದು ಬಹುಶಃ ಇದೇ ಮೊದಲು. ಅದರ ಫಲ ಭೀಕರವಾಗಿತ್ತು. ಹಸಿದು ಹಣ್ಣಾದ ದೇಹಗಳು ಒಂದೆಡೆ ಒತ್ತೊತ್ತಾಗಿ ಸೇರಿದವು, ನೀರು ಕೆಟ್ಟಿತು, ಭೇದಿ, ರಕ್ತಭೇದಿ, ಕಾಲರಾಗಳು ಬಂದವು. ಬರದಿಂದ ಪಾರಾಗಲೆಂದು ಶಿಬಿರ ಸೇರಿದವರು ಶಿಬಿರದಿಂದಲೇ ಸತ್ತರು.

ಇಲ್ಲಿ ಇಬ್ಬರು ಅಧಿಕಾರಿಗಳ ವಾಗ್ವಾದವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಮುಂದಿನ ನೂರೈವತ್ತು ವರ್ಷ ಇದೇ ವಾದವು ಬೇರೆ ಬೇರೆ ವೇಷಗಳಲ್ಲಿ ನಡೆದಿದೆ. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಮದರಾಸು ಸಂಸ್ಥಾನಕ್ಕೆ ಬಂದರು. ಖರ್ಚು ಹೆಚ್ಚಾಯಿತೆಂಬುದು ಅವರ ಚಿಂತೆ. ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆಯೂ ಮೇಲೆ ಅರ್ಧ ಆಣೆಯೂ ಸಾಕೆಂದು ಅವರು ಕೂಲಿಯನ್ನು ಇಳಿಸಿದರು. ಮದರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಷ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಅವರು ಸೆರೆಮನೆಗಳ ಆಹಾರದ ಪ್ರಮಾಣವನ್ನು ಬಹುಕಾಲ ಪರಿಶೀಲಿಸಿದ್ದ ವೈದ್ಯರು. ಮನುಷ್ಯ ಬದುಕಲು, ಅದರ ಮೇಲೆ ದುಡಿಯಲು, ಎಷ್ಟು ಬೇಕೆಂಬುದನ್ನು ಖಜಾನೆಯನ್ನು ನೋಡಿ ತೀರ್ಮಾನಿಸುವುದಲ್ಲ, ದೇಹವನ್ನು ನೋಡಿ ತೀರ್ಮಾನಿಸಬೇಕು ಎಂಬುದು ಅವರ ವಾದದ ಸಾರ. ಶಿಬಿರಗಳನ್ನು ಸ್ವತಃ ಸುತ್ತಿ, ಸಾವುಗಳನ್ನು ಎಣಿಸಿ, ವರದಿಗಳನ್ನು ಬರೆದರು. ಆ ಮೇ ತಿಂಗಳ ಕೊನೆಯ ಹೊತ್ತಿಗೆ ಮದರಾಸು ಸರ್ಕಾರ ಕೂಲಿಯನ್ನು ಮತ್ತೆ ಏರಿಸಿತು. ವಿಲಿಯಂ ಡಿಗ್ಬಿ 1878ರಲ್ಲಿ ಪ್ರಕಟಿಸಿದ ಕ್ಷಾಮದ ಬೃಹತ್ ಚರಿತ್ರೆಯಲ್ಲಿ ಈ ಜಗಳವೆಲ್ಲ ದಾಖಲಾಗಿದೆ. ಆಳುವ ಸರ್ಕಾರದ ನೌಕರನಾಗಿದ್ದುಕೊಂಡೇ ಸರ್ಕಾರದ ಅಳತೆ ತಪ್ಪೆಂದು ಹೇಳಿದ ಆ ವೈದ್ಯರ ಬಗೆಗೆ, ಜೀವಮಾನವೆಲ್ಲ ಇಲಾಖೆಯ ಸುತ್ತೋಲೆಗಳಿಗೆ ಸಹಿ ಹಾಕಿದ ನಮಗೆ ಒಂದು ಬಗೆಯ ಗೌರವವೂ ಸ್ವಲ್ಪ ನಾಚಿಕೆಯೂ ಉಂಟಾಗುತ್ತದೆ.

ಈ ಅನುಭವದಿಂದಲೇ 1880ರ ಕ್ಷಾಮ ಆಯೋಗದ ವರದಿಯೂ 1883ರ ಕ್ಷಾಮ ಸಂಹಿತೆಯೂ ಬಂದವು. ಕೈಲಾಗದ ವೃದ್ಧರ ಪಟ್ಟಿಯನ್ನು ಗ್ರಾಮದಲ್ಲಿಯೇ ತಯಾರಿಸಿ, ಸಾಧ್ಯವಾದಷ್ಟೂ ಅವರವರ ಮನೆಗೇ ದಾನವನ್ನು ತಲುಪಿಸಬೇಕು. ಮನೆಯೂ ಇಲ್ಲದವರಿಗೆ ಮಾತ್ರ ಬಡವರ ಶಾಲೆ. ಅಲ್ಲಿ ರೋಗಿಗಳನ್ನು ಬೇರೆಯಿಡಬೇಕು, ನೀರನ್ನೂ ಶೌಚವನ್ನೂ ಕಾಯಬೇಕು, ವೈದ್ಯರ ತಪಾಸಣೆಯಿರಬೇಕು ಎಂಬ ದಾರಿ ಅದರಿಂದ ತೆರೆಯಿತು. ದಯೆಯ ಜೊತೆಗೆ ಜಿಪುಣತನವೂ ಆ ಸಂಹಿತೆಯಲ್ಲಿ ಬೆರೆತಿತ್ತು. ಇಂಗ್ಲೆಂಡಿನ 1834ರ ಬಡವರ ಕಾನೂನಿನ ಛಾಯೆ ಅದರ ಮೇಲಿತ್ತು: ಆಶ್ರಯವು ಹಿತವಾಗಿದ್ದರೆ ಸೋಮಾರಿಗಳು ಬರುತ್ತಾರೆ, ಆದುದರಿಂದ ಅದು ಕಷ್ಟವಾಗಿಯೇ ಇರಲಿ ಎಂಬ ತತ್ತ್ವ. ಇನ್ನು ನಮ್ಮ ಜನ, ಯಾರೋ ಬೇಯಿಸಿದ್ದನ್ನು ಎಲ್ಲರೊಡನೆ ಕುಳಿತು ಉಣ್ಣುವ ಅಂಜಿಕೆಗೆ ಶಿಬಿರದ ಕಡೆಗೇ ಸುಳಿಯದೆ ಹಟ್ಟಿಯಲ್ಲೇ ಉಳಿದದ್ದೂ ಉಂಟು. ಗಂಜಿ ಎಂಬ ಮಾತಿಗೆ ಈ ಸೀಮೆಯಲ್ಲಿ ಅಂಟಿದ ಅವಮಾನ ಬಹುಕಾಲ ಹೋಗಲಿಲ್ಲ. 1952ರ ರಾಯಲಸೀಮೆಯ ಬರದಲ್ಲಿ ಗಂಜಿ ಕೇಂದ್ರಗಳು ತೆರೆದಾಗ, ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದ ಮುದುಕಿಯರ ಸಂಗತಿಯನ್ನು ನಮ್ಮ ತಾಯಿಯವರು ಹೇಳುತ್ತಿದ್ದರು.

ಬರಕ್ಕೆ ಸಂಬಂಧಿಸದ, ವೃದ್ಧರಿಗಾಗಿಯೇ ಮೀಸಲಾದ ನಿತ್ಯದ ಮನೆ ಕನ್ನಡ ನಾಡಿಗೆ ಬಂದದ್ದು ಕ್ರೈಸ್ತ ಸನ್ಯಾಸಿನಿಯರಿಂದ. ಫ್ರಾನ್ಸಿನಲ್ಲಿ ಜೀನ್ ಜುಗಾನ್ ಎಂಬ ಹೆಂಗಸು 1839ರ ಚಳಿಗಾಲದಲ್ಲಿ ಕುರುಡು ವೃದ್ಧೆಯೊಬ್ಬಳನ್ನು ತನ್ನ ಹಾಸಿಗೆಯಲ್ಲಿಯೇ ಮಲಗಿಸಿಕೊಂಡಳೆಂಬ ಘಟನೆಯಿಂದ ಹುಟ್ಟಿದ 'ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್' ಸಂಘವು 1882ರಲ್ಲಿ ಕಲ್ಕತ್ತೆಗೂ, 1900ರಲ್ಲಿ ಬೆಂಗಳೂರಿಗೂ ಬಂದಿತು. ಹೊಸೂರು ರಸ್ತೆಯಲ್ಲಿರುವ ಅವರ ಮನೆ ಇಂದಿಗೂ ನಡೆಯುತ್ತಿದೆ. ಸರ್ಕಾರದ ನಿಯಮವೆಂಬುದು ಯಾವುದೂ ಇಲ್ಲದ ಕಾಲದಲ್ಲಿ, ನೋಡಿಕೊಳ್ಳುವವರೂ ಅದೇ ಸೂರಿನಡಿ ಮಲಗುತ್ತಿದ್ದರೆಂಬುದೇ ಅವರ ದೊಡ್ಡ ಕಟ್ಟುಪಾಡು.

ಹಾಗೆಂದು ಪಶ್ಚಿಮದವರೆಲ್ಲ ಈ ವಿಷಯದಲ್ಲಿ ಮುಂದಿದ್ದರೆಂದು ತಿಳಿಯಬೇಕಾಗಿಲ್ಲ. ಪೀಟರ್ ಟೌನ್ಸೆಂಡ್ ಎಂಬ ಸಮಾಜಶಾಸ್ತ್ರಜ್ಞರು ಇಂಗ್ಲೆಂಡು, ವೇಲ್ಸ್‌ಗಳ 173 ವೃದ್ಧಾಶ್ರಮಗಳನ್ನು ಕಣ್ಣಾರೆ ನೋಡಿ 1962ರಲ್ಲಿ ಗ್ರಂಥವೊಂದನ್ನು ಬರೆದರು. ಬಡವರ ಕಾನೂನು ಹೋಗಿ ಹದಿನಾಲ್ಕು ವರ್ಷವಾಗಿದ್ದರೂ ಆ ಕಾಲದ ಕಟ್ಟಡಗಳಲ್ಲಿ, ಸಾಲು ಹಾಸಿಗೆಗಳ ನಡುವೆ, ಮುದುಕರು ಇನ್ನೂ ಕುಳಿತಿದ್ದರು. ಮರುವರ್ಷ, 1963ರ ನವೆಂಬರ್ 23ರಂದು, ಅಮೆರಿಕದ ಓಹಿಯೋ ಪ್ರಾಂತದ ಫಿಚ್‌ವಿಲ್ ಎಂಬಲ್ಲಿ ವೃದ್ಧಾಶ್ರಮಕ್ಕೆ ಬೆಂಕಿ ಬಿದ್ದು 63 ಮಂದಿ ಸತ್ತರು. ಹಿಂದಿನ ದಿನವೇ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿದ್ದರಿಂದ ಲೋಕದ ಕಣ್ಣು ಅತ್ತ ಹರಿಯಲಿಲ್ಲ. ವೃದ್ಧರನ್ನು ಹಾಸಿಗೆಗೆ ಕಟ್ಟಿಹಾಕಬಾರದು, ಸುಮ್ಮನಿರಿಸಲೆಂದು ಔಷಧ ಕೊಟ್ಟು ಮಂಕು ಮಾಡಬಾರದು ಎಂಬ ಹಕ್ಕನ್ನು ಆ ದೇಶವು ಕಾನೂನಿನಲ್ಲಿ ಬರೆದದ್ದು 1987ರಷ್ಟು ತಡವಾಗಿ.

ನಮ್ಮಲ್ಲಿಯೂ ಸುಟ್ಟ ಮೇಲೆಯೇ ಬುದ್ಧಿ ಬಂದಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಾನಸಿಕ ರೋಗಿಗಳು ಚಪ್ಪರದ ಬೆಂಕಿಯಲ್ಲಿ ಬೆಂದುಹೋದರು. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಮಂದಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನಾವು ಧಾತು ಬರದ ಶಿಬಿರಗಳನ್ನು ನೆನೆದೆವು: ಅದೇ ಕಿಕ್ಕಿರಿದ ಕೋಣೆ, ಅದೇ ವಾಂತಿ ಭೇದಿ. 2023ರ ಹೊಸ ವರ್ಷದ ದಿನ ದೆಹಲಿಯ ಗ್ರೇಟರ್ ಕೈಲಾಶ್ ಬಡಾವಣೆಯ ವೃದ್ಧರ ಮನೆಯೊಂದರ ಬೆಂಕಿಯಲ್ಲಿ ಇಬ್ಬರು ವೃದ್ಧೆಯರು ತೀರಿಕೊಂಡರು. ಅದು ಬಡವರ ಬಡಾವಣೆಯಲ್ಲ.

ಕಾನೂನಿನ ಮಾತಿಗೆ ಬರೋಣ. 1960ರಲ್ಲಿ ಸಂಸತ್ತು ಅನಾಥಾಲಯಗಳ ಮತ್ತು ಇತರ ಧರ್ಮಾರ್ಥ ಗೃಹಗಳ ಮೇಲ್ವಿಚಾರಣೆಗೆಂದು ಶಾಸನವೊಂದನ್ನು ಮಾಡಿತು. ಅದರ ವ್ಯಾಖ್ಯೆಯಲ್ಲಿ ಹೆಂಗಸರ ಮನೆಗಳಿವೆ, ಮಕ್ಕಳ ಮನೆಗಳಿವೆ; ವೃದ್ಧರ ಮನೆಯ ಮಾತೇ ಇಲ್ಲ. ಮುದುಕರಿಗೆ ಮಕ್ಕಳಿದ್ದಾರೆ, ಮಕ್ಕಳಿಗೆ ಮನೆಯಿದೆ ಎಂದು ಆಗಿನವರು ಭಾವಿಸಿದ್ದು ತಪ್ಪೇನಲ್ಲ. 1999ರಲ್ಲಿ ವೃದ್ಧರ ರಾಷ್ಟ್ರೀಯ ನೀತಿ ಬಂದಿತು. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ ಬಂದಿತು. ಈ ಕಾನೂನಿನಲ್ಲಿ ಜನರಿಗೆ ತಿಳಿದಿರುವುದು, ಮಕ್ಕಳು ತಿಂಗಳಿಗೆ 10,000 ರೂಪಾಯಿಯವರೆಗೆ ಕೊಡಬೇಕೆಂದು ನ್ಯಾಯಮಂಡಳಿ ಆಜ್ಞೆ ಮಾಡಬಹುದೆಂಬ ಭಾಗ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಹಿಂದಕ್ಕೆ ಪಡೆಯಬಹುದೆಂಬ 23ನೆಯ ಪ್ರಕರಣ. ತಿಳಿಯದಿರುವುದು 19ನೆಯ ಪ್ರಕರಣ. ಪ್ರತಿ ಜಿಲ್ಲೆಗೂ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ವೃದ್ಧರಿಗೆ ಆಗುವಷ್ಟು ದೊಡ್ಡ ಆಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದೆಂದೂ, ಅಲ್ಲಿಯ ಗುಣಮಟ್ಟವನ್ನು ನಿಗದಿಪಡಿಸಬಹುದೆಂದೂ ಅದು ಹೇಳುತ್ತದೆ. 'ಬಹುದು' ಎಂಬ ಕ್ರಿಯಾಪದದ ವ್ಯಾಕರಣವನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸುವಾಗ ಈ ಉದಾಹರಣೆ ಕೈಯಲ್ಲಿರಬೇಕಾಗಿತ್ತು.

ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳುಹಿಸಿದ ಮಾದರಿ ನಿಯಮಗಳ ಅನುಬಂಧದಲ್ಲಿ ಅಳತೆಗಳಿವೆ. ಮಲಗುವ ಜಾಗ ಒಬ್ಬರಿಗೆ 7.5 ಚದರ ಮೀಟರು. ಅಡಿಗೆಮನೆ, ಊಟದ ಮನೆ, ವೈದ್ಯರ ಕೋಣೆಗಳನ್ನು ಸೇರಿಸಿದರೆ ಒಬ್ಬರಿಗೆ 12 ಚದರ ಮೀಟರು. ಗಂಡಸರಿಗೂ ಹೆಂಗಸರಿಗೂ ಬೇರೆ ವಸತಿ, ಸಾಕಷ್ಟು ನೀರು, ಅಂಗವಿಕಲರು ಬಳಸಬಹುದಾದ ಶೌಚಾಲಯ, ರೋಗಿಗಳ ಕೋಣೆ, ಆಸ್ಪತ್ರೆ, ಪೊಲೀಸು, ಅಗ್ನಿಶಾಮಕ ಠಾಣೆಗಳಿಗೆ ಕೂಡಲೆ ಸುದ್ದಿ ಮುಟ್ಟಿಸುವ ದೂರವಾಣಿ. ಕಾರ್ನಿಷರ ವಾದ ಕಡೆಗೂ ಕಾಗದಕ್ಕೆ ಇಳಿಯಿತೆನ್ನಬೇಕು. ಆದರೆ ಈ ಅಳತೆ ನಿರ್ಗತಿಕರಿಗಾಗಿ ಇರುವ ಆಶ್ರಮಗಳದ್ದು. ಹಣ ತೆಗೆದುಕೊಂಡು ನಡೆಸುವ ಖಾಸಗಿ ಮನೆಗಳನ್ನು ನೋಂದಾಯಿಸಿ, ಕನಿಷ್ಠ ಗುಣಮಟ್ಟಕ್ಕೆ ಒಳಪಡಿಸಲು 2019ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದೆ ತಿದ್ದುಪಡಿ ಮಸೂದೆ ಬಂದಿತು. 2024ರಲ್ಲಿ ಆ ಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ಅದಕ್ಕೆ ಹಿಂದೆಯೇ, 2018ರ ಡಿಸೆಂಬರ್ 13ರಂದು, ಹಿರಿಯ ವಕೀಲ ಅಶ್ವನಿ ಕುಮಾರರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ, ಅಲ್ಲಿ ವೈದ್ಯಕೀಯ ಸೌಲಭ್ಯವೇನಿದೆ ಎಂಬ ಲೆಕ್ಕವನ್ನು ಸರ್ಕಾರ ಸಂಗ್ರಹಿಸಬೇಕೆಂದು ಹೇಳಿತ್ತು. ಕಾನೂನು ಬಂದು ಹನ್ನೊಂದು ವರ್ಷಗಳ ಮೇಲೆ ಎಣಿಕೆಯ ಮಾತು!

ಈ ಯಾವ ಅಳತೆಯಲ್ಲಿಯೂ ಸೇರದ ಒಂದು ಸಂಗತಿಯನ್ನು ಗಡಿನಾಡಿನವರಾದ ನಾವು ಹೇಳಲೇಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು. ಅದೇ ಜಿಲ್ಲೆಯ ರಾಯದುರ್ಗ ಅನಂತಪುರಕ್ಕೆ ಬಂದಿತು. ಮಡಕಶಿರಾ ಮೊದಲೇ ಅನಂತಪುರದಲ್ಲಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ನಮ್ಮ ತಲೆಮಾರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಎರಡರಲ್ಲೂ ಜಗಳವಾಡಬಲ್ಲ ತಲೆಮಾರು. ನಮ್ಮ ಮಕ್ಕಳು ಬೆಂಗಳೂರು, ಹೈದರಾಬಾದುಗಳ ಪಾಲಾದರು. ವೇದಾವತಿಗೆ ಅಡ್ಡವಾಗಿ ಅಣೆಕಟ್ಟು ನಿಂತಿದ್ದರೂ ನೀರು ಕಂಡ ವರ್ಷಗಳು ಕಡಿಮೆ. ಹೊಲ ಬಿಟ್ಟು ಹೋದ ಹುಡುಗರನ್ನು ಬೈಯಲು ನಮಗೆ ಬಾಯಿಲ್ಲ.

ನಮಗಿಂತ ಹತ್ತು ವರ್ಷ ಹಿರಿಯರಾದ ಸಹೋದ್ಯೋಗಿ ಉಪಾಧ್ಯಾಯರೊಬ್ಬರಿದ್ದರು. ಮೂವತ್ತು ವರ್ಷ ಕನ್ನಡದೊಡನೆ ತೆಲುಗನ್ನೂ ಕಲಿಸಿದವರು. ಅವರ ತೆಲುಗು ಪದ್ಯವಾಚನವನ್ನು ಕೇಳಲು ಪಕ್ಕದ ತರಗತಿಯವರು ಕಿಟಕಿಗೆ ಬರುತ್ತಿದ್ದರು. ಪತ್ನಿ ತೀರಿದ ಮೇಲೆ ಮಕ್ಕಳು ಅವರನ್ನು ದೂರದ ನಗರವೊಂದರ ವೃದ್ಧಾಶ್ರಮದಲ್ಲಿ ಇರಿಸಿದರು. ಮಕ್ಕಳು ಕೆಟ್ಟವರಲ್ಲ, ತಿಂಗಳು ತಪ್ಪದೆ ಹಣ ಕಟ್ಟುತ್ತಿದ್ದರು, ವಾರಕ್ಕೊಮ್ಮೆ ಮಾತನಾಡುತ್ತಿದ್ದರು. ಮರೆವಿನ ರೋಗ ಹೆಚ್ಚಿದಂತೆ ಅವರಿಂದ ಮೊದಲು ಇಂಗ್ಲಿಷು ಹೋಯಿತು, ಆಮೇಲೆ ಆ ತೆಲುಗೂ ಹೋಯಿತು. ಉಳಿದದ್ದು ತಾಯಿಯಿಂದ ಬಂದ ಕನ್ನಡ, ಅದೂ ಹಳ್ಳಿಯ ಕನ್ನಡ. ಅಲ್ಲಿಯ ಸಿಬ್ಬಂದಿಗೆ ಅದರಲ್ಲಿ ಒಂದು ಅಕ್ಷರವೂ ಬಾರದು. ಚಳಕು, ಸೆಳೆತ, ಜೋಮು, ಉರಿ ಎಂಬ ನಾಲ್ಕು ಬಗೆಯ ನೋವನ್ನು ಅವರು ಹೇಳುತ್ತಿದ್ದರೆ, ದಾಖಲೆಯ ಪುಸ್ತಕದಲ್ಲಿ ಬರುತ್ತಿದ್ದುದು 'ಕಿರುಚಾಟ' ಎಂಬ ಒಂದೇ ಮಾತು. ಒಂದು ರಾತ್ರಿ ಅವರು ಬಚ್ಚಲಿನಲ್ಲಿ ಬಿದ್ದರು. ನುಣುಪಾದ ಟೈಲ್ಸು, ಹಿಡಿದುಕೊಳ್ಳಲು ಗೋಡೆಯಲ್ಲಿ ಕಂಬಿಯಿಲ್ಲ, ಇಡೀ ಮಹಡಿಗೆ ಒಬ್ಬನೇ ಕಾವಲುಗಾರ. ನೀರು, ನೀರು ಎಂದು ಕೂಗಿದ್ದನ್ನು ಆತ ಕೇಳಿದನಂತೆ. ದಿನವೂ ಕೂಗುತ್ತಾರೆಂದು ಸುಮ್ಮನಾದನಂತೆ. ಬೆಳಿಗ್ಗೆ ಎತ್ತುವಾಗ ಸೊಂಟದ ಮೂಳೆ ಮುರಿದಿತ್ತು. ನಾವು ನೋಡಲು ಹೋದಾಗ ನಮ್ಮನ್ನು ತಮ್ಮ ಶಿಷ್ಯನೆಂದು ಬಗೆದು, "ಹೋಂವರ್ಕ್ ತಂದೀಯೇನೋ?" ಎಂದರು. ತಂದಿದ್ದೇವೆಂದೆವು. ಎರಡು ತಿಂಗಳಿಗೆ ತೀರಿಕೊಂಡರು. ಕಾರಣದ ಕಲಮಿನಲ್ಲಿ ಮುಪ್ಪು ಎಂದು ಬರೆದಿದ್ದರು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಅಲ್ಲಿ ಯಾರೂ ಕ್ರೂರಿಗಳಿರಲಿಲ್ಲ, ನಿಯಮವಿರಲಿಲ್ಲ, ಅಷ್ಟೆ.

ಇದಿಷ್ಟನ್ನೂ ಓದಿ, ನೆನೆದು, ಕಳೆದ ತಿಂಗಳು ನಾವು ಗೋದಾಮನ್ನು ನೋಡಲು ಹೋದೆವು. ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯ ಸದಸ್ಯೆಯವರನ್ನೂ ಜೊತೆಗೆ ಕರೆದೊಯ್ದಿದ್ದೆವು. ನಮ್ಮ ಮನೆಯವರು ಅಳತೆಯ ಟೇಪು ಹಿಡಿದರು. ಉದ್ದ 60 ಅಡಿ, ಅಗಲ 30 ಅಡಿ: 1,800 ಚದರ ಅಡಿ. ಮಾದರಿ ನಿಯಮದ 12 ಚದರ ಮೀಟರೆಂದರೆ ಸುಮಾರು 129 ಚದರ ಅಡಿ. ಭಾಗಿಸಿದರೆ ಹದಿಮೂರು ಮಂದಿಗೆ ಜಾಗವಿದೆ, ನಲವತ್ತು ಮಂದಿಗಲ್ಲ. ಮೇಲ್ಛಾವಣಿ ತಗಡಿನದು, ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಅದರ ಕೆಳಗೆ ಮೂಟೆ ಇಡಬಹುದು, ಮನುಷ್ಯರನ್ನು ಇಡಲಾಗದು. ಬಾಗಿಲು ಒಂದೇ. ಬೆಂಕಿಯ ಮಾತು ಬಂದರೆ ಎರಡನೆಯದನ್ನು ಹಿಂಬದಿಯ ಗೋಡೆಯಲ್ಲಿ ಒಡೆಯಬೇಕು. ವೈರಿಂಗು ಗಿರಣಿಯ ಕಾಲದ್ದು, ಪೂರ್ತಿ ಕಿತ್ತು ಹಾಕಬೇಕು. ಬೋರಿನ ನೀರನ್ನು ಪರೀಕ್ಷೆಗೆ ಕಳುಹಿಸಿದ್ದೇವೆ. ಅನಂತಪುರದ ಫ್ಲೋರೈಡಿನ ಬಾಧೆ ಯಾರಿಗೆ ಗೊತ್ತಿಲ್ಲ? ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಮೊದಲೇ ಬಿಗಿದ ಮೂಳೆಗಳಿಗೆ ಅದಕ್ಕಿಂತ ಹೆಚ್ಚಿನದನ್ನು ಕುಡಿಸುವುದು ಆಗದು.

ಇನ್ನೊಂದು ತೊಡಕು. ಆಂಧ್ರದಲ್ಲಿ ವೃದ್ಧಾಪ್ಯ ವೇತನ 2024ರ ಜುಲೈಯಿಂದ ತಿಂಗಳಿಗೆ 4,000 ರೂಪಾಯಿ. ಪಡೆಯುವವರು ತಮ್ಮ ಊರಿನಲ್ಲಿದ್ದರೆ ಮನೆಬಾಗಿಲಿಗೆ ಬರುತ್ತದೆ. ಬಳ್ಳಾರಿಯ ಕಡೆಯ ಆಶ್ರಮಗಳಿಗೆ ಹೋದ ನಮ್ಮ ಕೆಲವರು ತಿಂಗಳ ಮೊದಲ ದಿನ ಅದಕ್ಕಾಗಿ ಬಸ್ಸು ಹತ್ತಿ ಬರುವುದನ್ನು ಕಂಡಿದ್ದೇವೆ. ಆಶ್ರಮ ಇಲ್ಲಿಯೇ ಇದ್ದರೆ ಆ ಪ್ರಯಾಣ ತಪ್ಪೀತು. ಹದಿಮೂರು ಮಂದಿಯ ವೇತನದಲ್ಲಿ ಅರ್ಧ ಭಾಗವನ್ನು ಅವರು ಒಪ್ಪಿ ಕೊಟ್ಟರೂ ತಿಂಗಳಿಗೆ 26,000 ರೂಪಾಯಿ. ಅಡಿಗೆಗೆ ಒಬ್ಬರು, ಹಗಲಿಗೆ ಒಬ್ಬರು, ರಾತ್ರಿಗೆ ಇಬ್ಬರು ಎಂದರೆ ಸಂಬಳಕ್ಕೇ ಅದು ಸಾಲದು. ಉಳಿದದ್ದು ಸಂಘದ ಸದಸ್ಯರಿಂದ ಪ್ರತಿ ತಿಂಗಳೂ ಬರಬೇಕು. ಉದ್ಘಾಟನೆಯ ದಿನದ ದೇಣಿಗೆ ಇಲ್ಲಿ ಕೆಲಸಕ್ಕೆ ಬಾರದು. ರಾತ್ರಿಯ ಇಬ್ಬರಲ್ಲಿ ಒಬ್ಬರಿಗಾದರೂ ಕನ್ನಡ ಬರಲೇಬೇಕೆಂದು ನಮ್ಮ ಕರಡಿನಲ್ಲಿ ಬರೆದಿದ್ದೇವೆ. ಮಾದರಿ ನಿಯಮದಲ್ಲಿ ಅದಿಲ್ಲ.

ಅಳತೆ ಮುಗಿಸಿ ಹೊರಡುವಾಗ ಆ ತಾಯಿ ಬಾಗಿಲಿನ ಕಲ್ಲು ಹೊಸ್ತಿಲ ಮುಂದೆ ನಿಂತರು. ಮೂಟೆ ಹೊರುವವರ ಕಾಲಕ್ಕೆ ಹಾಕಿಸಿದ್ದು, ಮುಂಗೈ ಎತ್ತರವಿದೆ. ಊರುಗೋಲಿನಿಂದ ಅದನ್ನು ಎರಡು ಬಾರಿ ತಟ್ಟಿ, "ಇದನ್ನ ಕೀಳ್ಬೇಕು" ಎಂದರು. ಗಿರಣಿಯ ಮನೆತನದ ಹಿರಿಯರು ಸ್ವಲ್ಪ ಹಿಂಜರಿದರು; ಅವರ ತಾತನವರು ಪೂಜೆ ಮಾಡಿ ಇರಿಸಿದ ಹೊಸ್ತಿಲಂತೆ. ಮನೆಯಲ್ಲಿ ಕೇಳಿ ಹೇಳುತ್ತೇವೆಂದಿದ್ದಾರೆ. ಗಾರೆ ಕೆಲಸದವರ ಅಂದಾಜು ಪಟ್ಟಿಯೂ ನೀರಿನ ವರದಿಯೂ ಬಂದ ಮೇಲೆ ಸಮಿತಿ ಮತ್ತೆ ಸೇರಲಿದೆ.